ಗೋರಿಯಲ್ಲಿಟ್ಟ ದನಿ

1974ರ ಆಗಸ್ಟ್ 22, ಗುರುವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಬಖ್ತಮೀನಾ ಅಳಲು ಶುರು ಮಾಡಿದಳು. ಗಡಿಯಾರ ನೋಡಿ ಹೊತ್ತು ಬರೆದುಕೊಂಡವನು ಅವಳ ಕಿರಿಯ ಮಗ ಸನೋಬರ್. ಲಾಹೋರಿನ ಸಿನಿಮಾ ಸ್ಟುಡಿಯೋದಲ್ಲಿ ಅವನದು ಧ್ವನಿ ಸಹಾಯಕನ ಕೆಲಸ. ಅಲ್ಲಿಂದ ಹೊತ್ತು ತಂದ ಟೇಪ್ ರೆಕಾರ್ಡರನ್ನು ಅಂಗಳದ ಹಗ್ಗದ ಮಂಚದ ಮೇಲಿಟ್ಟು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಎಮ್ಮೆಯನ್ನು ಹಿತ್ತಲಿಗೆ ಅಟ್ಟಿಯಾಗಿತ್ತು. ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿಯಾಗಿತ್ತು. ಹಿರಿಸೊಸೆ ಗುಲ್‌ಪಾನಾಗೆ ಪಾತ್ರೆ ಮುಟ್ಟಬಾರದೆಂದು ಅಪ್ಪಣೆಯಾಗಿತ್ತು. ಹೊರಗಿನ ಸದ್ದು ಒಳಗೆ ಬರದ ಹಾಗೆ ಸನೋಬರ್ ಎಲ್ಲ ಎಚ್ಚರ ವಹಿಸಿದ್ದ. ಒಳಗಿನ ಸದ್ದು ಹೊರಗೆ ಹೋಗುತ್ತದೆಂಬುದು ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ.

ಅವನು ತಾಯಿಯನ್ನು ಅಳಿಸಲು ಬಂದದ್ದಕ್ಕೆ ಕಾರಣವಿತ್ತು. ಈದ್ ಹಬ್ಬಕ್ಕೆ ಪೇಶಾವರದಲ್ಲಿ ಬಿಡುಗಡೆಯಾಗಬೇಕಿದ್ದ ಪಶ್ತೋ ಚಿತ್ರವೊಂದರಲ್ಲಿ, ಹಗೆತನದಲ್ಲಿ ಸತ್ತ ಮಗನ ಹೆಣದ ಮುಂದೆ ತಾಯಿ ಅಳುವ ದೃಶ್ಯವಿತ್ತು. ತಾಯಿಯ ಪಾತ್ರ ಮಾಡಿದ ನಟಿ ಲಾಹೋರಿನವಳು, ಪಶ್ತೋ ಬಾರದವಳು. ಅವಳಿಗೆ ದನಿ ಕೊಡಲು ಬಂದವಳು ಮಾತನ್ನೇನೋ ಸರಿಯಾಗಿ ಆಡಿದಳು. ಆದರೆ ಅತ್ತದ್ದು ಪಂಜಾಬಿನ ಧಾಟಿಯಲ್ಲಿ. ಹಿಂದಿನ ವರ್ಷ ಇಂಥದೇ ಒಂದು ಚಿತ್ರದಲ್ಲಿ ತಾಯಿ ಅಳಲು ಬಾಯಿ ತೆರೆದಾಗ ಪೇಶಾವರದ ಥಿಯೇಟರಿಗೆ ಥಿಯೇಟರೇ ನಕ್ಕದ್ದನ್ನು ಸನೋಬರ್ ಹಿಂದಿನ ಸಾಲಿನಲ್ಲಿ ನಿಂತು ಕೇಳಿದ್ದ.

"ಹೆತ್ತವಳು ಅಳೋದನ್ನ ನೋಡಿ ನಗ್ತಾರೆ ಅಬಯ್. ನಮ್ಮ ಜನಾನೇ ನಗ್ತಾರೆ," ಎಂದು ತಾಯಿಯ ಮುಂದೆ ಹೇಳಿಕೊಂಡಿದ್ದ.

ಸುತ್ತಲ ಹಳ್ಳಿಗಳಲ್ಲಿ ಸಾವಿನ ಮನೆಯ ಅಳುಹಾಡಿಗೆ ಬಖ್ತಮೀನಾಳನ್ನು ಬಿಟ್ಟರೆ ಇನ್ನೊಬ್ಬಳಿರಲಿಲ್ಲ. ಹೆಣದ ತಲೆಯ ಬಳಿ ಕೂತು, ಆ ಮನುಷ್ಯನ ನಡೆ, ನಗು, ಅವನು ನೆಟ್ಟ ಮರ ಎಲ್ಲವನ್ನೂ ಸ್ಥಳದಲ್ಲೇ ಸಾಲು ಕಟ್ಟಿ ಅಳುತ್ತಿದ್ದಳು. ಮಗನ ಮಾತು ಮುಗಿದ ಮೇಲೆ ಅವಳು ಕೇಳಿದ್ದು ಸತ್ತವನ ವಿಷಯ ಮಾತ್ರ.

"ಸತ್ತ ಹುಡುಗನ ಹೆಸರೇನು?"

"ಸಿನಿಮಾದಲ್ಲಿ ಅವನ ಹೆಸರು ತೂರಿಯಾಲಯ್."

"ವಯಸ್ಸು?"

"ಇಪ್ಪತ್ತು."

"ಮದುವೆ ಆಗಿತ್ತಾ?"

"ನಿಶ್ಚಯ ಆಗಿತ್ತು."

"ಹಾಗಿದ್ರೆ ಆ ಹುಡುಗೀನೂ ಸೇರಿಸಬೇಕಾಗತ್ತೆ," ಎಂದು ಬಖ್ತಮೀನಾ ಕೈ ತೊಳೆದುಕೊಂಡು ಬಂದು ಮಂಚದ ಎದುರು ಕೂತಳು.

ಮೂರು ಇಪ್ಪತ್ತಕ್ಕೆ ಅವಳು ಬಾಯಿ ತೆರೆದಳು. ಮೂರೂವರೆಗೆ ಗಲ್ಲಿಯ ಕೊನೆಯ ಮನೆಯವರೆಗೂ ಒಲೆಗಳು ಆರಿದವು, ಗಂಡಸರು ಚಪ್ಪಲಿ ಹುಡುಕಿದರು. ಪೇಶಾವರದ ಹತ್ತಿರ, ಅವರ ಊರಿರುವ ಚಾರ್ಸದ್ದಾದ ಕಡೆ ಅಳು ಕೇಳಿದರೆ ಯಾರು ಸತ್ತರೆಂದು ಮೊದಲು ವಿಚಾರಿಸುವುದಿಲ್ಲ. ಮೊದಲು ಕೆಲಸ, ಆಮೇಲೆ ಹೆಸರು. ಗಂಡಸರು ಕೂತು ಮಾತಾಡುವ ಹುಜ್ರಾದಲ್ಲಿ ಚಾಪೆ ಹಾಸಿದರು. ನಾಲ್ವರು ಯುವಕರು ಗುದ್ದಲಿ ಹಿಡಿದು ಸ್ಮಶಾನಕ್ಕೆ ಓಡಿದರು. ಹೆಂಗಸರು, ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು, ತಮ್ಮ ಮನೆಯ ರಾತ್ರಿಯೂಟವನ್ನೇ ಹೊತ್ತು ಹೊರಟರು.

ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆಸುತ್ತಿದ್ದ ಬಖ್ತಮೀನಾಳ ಗಂಡ ಫಜಲ್ ಮನ್ನಾನ್ ತನ್ನ ಮನೆಯ ದಿಕ್ಕಿನಿಂದ ತನ್ನ ಹೆಂಡತಿಯದೇ ಅಳು ಕೇಳಿ, ರುಮಾಲು ಜಾರಿದರೂ ಎತ್ತಿಕೊಳ್ಳದೆ ಓಡಿ ಬಂದ. ಬಾಗಿಲಲ್ಲಿ ಊರ ಹಿರಿಯ ಮುಖ್ತಿಯಾರ್ ಅವನನ್ನು ತಬ್ಬಿಕೊಂಡು ಬಿಕ್ಕಿದ.

"ಯಾರು ಹೋದ್ರು ಲಾಲಾ?" ಎಂದ ಫಜಲ್ ಮನ್ನಾನ್, ಅಣ್ಣನೆಂದು ಕರೆಯುತ್ತಿದ್ದ ಆ ಹಿರಿಯನಿಗೆ, ಏದುಸಿರಿನಲ್ಲೇ.

"ಅದನ್ನ ನಿನ್ನ ಕೇಳೋಣ ಅಂತಲೇ ನಾನು ಬಂದಿದ್ದು," ಎಂದ ಮುಖ್ತಿಯಾರ್.

ಒಳಗೆ ಹೋದರೆ ಬಖ್ತಮೀನಾ ನೀರು ಕುಡಿಯುತ್ತಿದ್ದಳು. ಸನೋಬರ್ ರೀಲು ಸುತ್ತುತ್ತಿದ್ದ. ಗುಲ್‌ಪಾನಾಳ ಸುತ್ತ ಹದಿನಾರು ಪಾತ್ರೆಗಳು ಕೂತಿದ್ದವು: ಪುಲಾವು, ಸೊಪ್ಪು, ಜೋಳದ ರೊಟ್ಟಿ, ಯಾರೋ ಆತುರದಲ್ಲಿ ಅರೆಬೆಂದದ್ದನ್ನೇ ಇಳಿಸಿ ತಂದ ಬೇಳೆ.

"ಇದನ್ನೆಲ್ಲ ಏನ್ ಮಾಡ್ಲಿ?" ಎಂದಳು ಗುಲ್‌ಪಾನಾ ಗಂಡ ತಾಜ್‌ಮೀರನಿಗೆ. ಅವನು ಆಗಷ್ಟೇ ಬಜಾರಿನ ಬಟ್ಟೆಯಂಗಡಿ ಮುಚ್ಚಿ ಓಡಿ ಬಂದಿದ್ದ.

"ವಾಪಸ್ ಕೊಡು."

"ಸಾವಿನ ಮನೆಗೆ ಬಂದ ಅನ್ನ ವಾಪಸ್ ಕೊಟ್ಟರೆ ಅವರ ಮನೇಲಿ ಸಾವು ಬರ್ಲಿ ಅಂದ ಹಾಗೆ."

"ಹಾಗಾದ್ರೆ ತಿನ್ನು."

"ಸಾಯದೇ ಇರೋರ ತಿಥಿ ನಾನು ತಿನ್ನಲಾ?"

ಕೊನೆಗೆ ಎಮ್ಮೆ ತಿಂದಿತು.

ಮರುದಿನ ಶುಕ್ರವಾರದ ನಮಾಜು ಮುಗಿದ ಮೇಲೆ ಹುಜ್ರಾದಲ್ಲಿ ಹಿರಿಯರು ಸೇರಿದರು. ಮಸೀದಿಯ ಮುಲ್ಲಾ ಸಾಹೇಬರೇ ಮೊದಲು ಮಾತಾಡಿದರು.

"ಗಟ್ಟಿಯಾಗಿ ಅಳಬೇಡಿ ಅಂತ ಇಪ್ಪತ್ತು ವರ್ಷದಿಂದ ಹೇಳ್ತಿದೀನಿ. ನಿಜವಾದ ಸಾವಿಗೆ ಅಳೋದೇ ಬೇಡ ಅಂದ್ರೆ, ನೀವು ಸುಳ್ಳು ಸಾವಿಗೂ ಶುರು ಮಾಡಿದ್ರಿ."

"ನನ್ನ ತಪ್ಪು," ಎಂದ ಸನೋಬರ್, ನಿಂತೇ ಇದ್ದವನು. "ಯಾರಿಗೂ ಮೊದಲೇ ಹೇಳಲಿಲ್ಲ. ಕ್ಷಮಿಸಿ."

"ಕ್ಷಮಿಸೋಣ. ಗೋರಿಗೆ ಏನ್ ಹೇಳೋಣ?" ಎಂದ ಮುಖ್ತಿಯಾರ್. "ಆಳುದ್ದ ತೋಡಿದಾರೆ. ಬರಿದಾಗಿ ಬಿಟ್ರೆ ಅದು ಯಾರನ್ನಾದ್ರೂ ಕರೆಯತ್ತೆ. ಬರೀ ಮಣ್ಣು ಹಾಕಿ ಮುಚ್ಚೋ ಹಾಗೂ ಇಲ್ಲ."

"ಒಂದು ಮೂಟೆ ಗೋಧಿ ಹಾಕಿದ್ರಾಯ್ತು," ಎಂದ ಒಬ್ಬ.

"ಗೋಧಿ ಏನ್ ತಪ್ಪು ಮಾಡ್ತು?" ಎಂದ ಮುಖ್ತಿಯಾರ್. "ಯಾವುದನ್ನ ಕೇಳಿ ತೋಡಿದ್ವೋ ಅದನ್ನೇ ಹಾಕಿ. ಆ ಅಳು ಆ ಚಕ್ರದಲ್ಲಿದೆ ತಾನೇ? ಚಕ್ರ ಹೂಳಿ. ಇನ್ಮೇಲೆ ನಮ್ಮೂರ ಹೆಂಗಸಿನ ದನಿ ಯಂತ್ರಕ್ಕೆ ಹೋಗೋದು ಬೇಡ. ಏನಂತೀಯ ಫಜಲ್ ಮನ್ನಾನ್?"

ಫಜಲ್ ಮನ್ನಾನ್ ಮಗನ ಕಡೆ ನೋಡಲಿಲ್ಲ. ತಲೆಯಾಡಿಸಿದ. ಹಿರಿಯರ ಮಾತಿಗೆ ಹುಜ್ರಾದಲ್ಲಿ ತಲೆಯಾಡಿಸಿದರೆ ಮುಗಿಯಿತು.

ಮನೆಯಲ್ಲಿ ರೀಲನ್ನು ಕೇಳಿ ಪಡೆಯಲು ಬಂದವನು ತಾಜ್‌ಮೀರ್. ಅಂಗಡಿಗೆ ಬಂದ ಪ್ರತಿಯೊಬ್ಬನೂ ಅವನನ್ನು, ಯಾರ ಹೆಣಕ್ಕೆ ಸುತ್ತಲು ಕಫನ್ ಬಟ್ಟೆ ಕತ್ತರಿಸಿದೆ ಎಂದು ರೇಗಿಸಿದ್ದ.

"ಕೊಡೋ ಅದನ್ನ. ನಿನ್ನ ಸಿನಿಮಾ ಸಾಕು."

"ಲಾಲಾ, ಈ ತಿಂಗಳು, ಮುಂದಿನ ತಿಂಗಳು, ಅಷ್ಟೇ ನಮಗಿರೋದು. ಸೆಪ್ಟೆಂಬರ್ ಮುಗಿಯೋದ್ರೊಳಗೆ ಧ್ವನಿ ಕೂಡಿಸಬೇಕು. ಇದಿಲ್ಲದಿದ್ರೆ ಆ ಲಾಹೋರಿನವಳ ಅಳೇ ಹೋಗತ್ತೆ. ಜನ ಮತ್ತೆ ನಗ್ತಾರೆ."

"ಈಗ ನನ್ನ ನೋಡಿ ನಗ್ತಿದಾರೆ. ಅದಕ್ಕೇನಂತೀಯ?"

ಬಖ್ತಮೀನಾ ಇಬ್ಬರ ನಡುವೆ ಬಂದಳು. ರೀಲನ್ನು ಸನೋಬರನ ಕೈಯಿಂದ ತಾನೇ ತೆಗೆದುಕೊಂಡಳು. ಹುಜ್ರಾದಲ್ಲಿ ಯಾರು ಏನು ಹೇಳಿದರೆಂದು ಒಂದೊಂದೇ ಕೇಳಿ ತಿಳಿದುಕೊಂಡಳು.

"ನಿಮ್ಮಪ್ಪ ಒಪ್ಪಿದ್ರಾ?"

"ತಲೆ ಆಡಿಸಿದ್ರು," ಎಂದ ತಾಜ್‌ಮೀರ್.

"ಹಾಗಿದ್ರೆ ತಗೊಂಡು ಹೋಗು," ಎಂದಳು. ಆದರೆ ಗುಲ್‌ಪಾನಾ ತಡೆದಳು.

"ಹೀಗೇ ತಗೊಂಡು ಹೋಗ್ತಾರಾ? ಯಾರನ್ನಾದ್ರೂ ಬಟ್ಟೆ ಸುತ್ತದೆ ಕಳಿಸಿದ್ದುಂಟಾ?" ರೀಲನ್ನು ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಮೇಣಗಪಡ ಸುತ್ತಿ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟು, ಮುಚ್ಚಳದ ಸುತ್ತ ಕರಗಿಸಿದ ಜೇನುಮೇಣ ಸುರಿದಳು. ತಾಜ್‌ಮೀರ್ ಅವಳ ಮುಖ ನೋಡಿದ. ಅವಳು ಒಲೆಯ ಕಡೆ ತಿರುಗಿದಳು.

ಸಂಜೆಯೊಳಗೆ ಡಬ್ಬಿ ಗೋರಿಯಲ್ಲಿತ್ತು. ಮೊದಲ ಹಿಡಿ ಮಣ್ಣು ಹಾಕಿದವನು ಮುಖ್ತಿಯಾರ್. ಭಾನುವಾರ ಸನೋಬರ್ ಖಾಲಿ ಯಂತ್ರ ಹೊತ್ತು ಲಾಹೋರಿಗೆ ಹೋದ.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಊಟಕ್ಕೆ ಕೂತಾಗ ಒಂದಲ್ಲ ಒಂದು ಜಗಳ ಏಳುತ್ತಿತ್ತು.

"ಸಾರಿಗೆ ಉಪ್ಪಿಲ್ಲ," ಎಂದ ಒಂದು ದಿನ ಫಜಲ್ ಮನ್ನಾನ್.

"ಹುಜ್ರಾದಲ್ಲಿ ಕೇಳಿ ಹಾಕೋಣ ಅಂತಿದ್ದೆ. ಹಿರಿಯರು ಎಷ್ಟು ಅಂತ ಹೇಳ್ಲಿ," ಎಂದಳು ಬಖ್ತಮೀನಾ.

"ಊರಲ್ಲಿ ಇರಬೇಕಲ್ಲ. ನಾನೇನ್ ಮಾಡ್ಬೇಕಿತ್ತು?"

"ತಾಜ್‌ಮೀರನ ಅಪ್ಪಾ, ನಿಮ್ಮ ತಾಯಿ ಹೋದಾಗ ಅತ್ತೋರು ಯಾರು?"

"ನೀನು."

"ನಿಮ್ಮ ಅಣ್ಣಂಗೆ?"

"ನೀನೇ."

"ಆಗ ನನ್ನ ದನಿ ಮೂರು ಹಳ್ಳಿಗೆ ಕೇಳಿತ್ತು. ಎಷ್ಟು ಚೆನ್ನಾಗಿ ಕಳಿಸಿಕೊಟ್ಳು ಅಂತ ಹೊಗಳಿಸಿಕೊಂಡ್ರಿ. ನನ್ನ ಮಗನ ಕೆಲಸಕ್ಕೆ ಕೇಳಿದ್ದೇ ನಾಚಿಕೆಗೇಡಾಯ್ತಾ?"

ಫಜಲ್ ಮನ್ನಾನ್ ರೊಟ್ಟಿ ಮುರಿದು ಸಾರಿಗೆ ಅದ್ದಿದ. ತಾಜ್‌ಮೀರ್ ಏನೋ ಹೇಳಲು ಹೋದ. "ನೀನು ಉಪ್ಪು ಕೊಡು," ಎಂದ ಅಪ್ಪ.

ರೊಟ್ಟಿ ಸುಡಲು ಗಲ್ಲಿಯ ಹೆಂಗಸರೆಲ್ಲ ಸೇರುವ ತಂದೂರಿನ ಬಳಿಯೂ ಇದೇ ಮಾತು. ಪಕ್ಕದ ಮನೆಯ ಶಾಹ್ ಬೀಬಿ ಹಿಟ್ಟು ತಟ್ಟುತ್ತಾ ಕೇಳಿದಳು.

"ಬಖ್ತಮೀನಾ, ನಾಳೆ ನಿಜವಾಗ್ಲೂ ಯಾರಾದ್ರೂ ಹೋದ್ರೆ ಏನ್ ಮಾಡ್ತೀಯ?"

"ಹೋಗ್ತೀನಿ, ಕೂರ್ತೀನಿ, ಹೆಣ ತೊಳೆಯೋಕೆ ನೀರು ಕಾಯಿಸ್ತೀನಿ. ಅಳೋದಕ್ಕೆ ದನಿ ಎಲ್ಲಿದೆ? ಹೂತು ಬಂದ್ರಲ್ಲ."

ಶಾಹ್ ಬೀಬಿ ರೊಟ್ಟಿಯನ್ನು ತಂದೂರಿನ ಗೋಡೆಗೆ ಬಡಿದು ಹೇಳಿದಳು, "ಹಾಗಿದ್ರೆ ನಮ್ಮದೂ ಅಲ್ಲೇ ಇದೆ ಅಂದುಕೋ. ನಾವೆಲ್ಲ ನಿನ್ನ ಹಿಂದೆ ದನಿ ಸೇರಿಸ್ತಿದ್ದೋರು ತಾನೇ."

ಅಲ್ಲಿದ್ದವರಲ್ಲಿ ಒಬ್ಬಳೂ ಬೇಡವೆನ್ನಲಿಲ್ಲ.

ರಂಜಾನಿನ ಮೊದಲ ವಾರ ಮುಖ್ತಿಯಾರನ ತಾಯಿ ದುರ್ಖಾನಯ್ ತೀರಿಕೊಂಡಳು. ಬೆಳಗಿನ ಜಾವದ ಊಟಕ್ಕೆ ಎದ್ದವಳು ಎರಡು ಗುಟುಕು ಮಜ್ಜಿಗೆ ಕುಡಿದು ಮಲಗಿದಳು, ಮತ್ತೆ ಏಳಲಿಲ್ಲ.

"ಗೋರಿ ಕರೀತು ನೋಡು," ಎಂದ ತಾಜ್‌ಮೀರ್, ಸುದ್ದಿ ತಂದವನು.

"ಗೋರಿ ತೋಡೋಕೆ ಮುಂಚೇನೇ ಅವರಿಗೆ ತೊಂಬತ್ತಾಗಿತ್ತು," ಎಂದಳು ಗುಲ್‌ಪಾನಾ, ದುಪಟ್ಟಾ ಹೊದೆಯುತ್ತಾ. ಅತ್ತೆ ಸೊಸೆ ಇಬ್ಬರೂ ಹೊರಟರು.

ಬಖ್ತಮೀನಾ ನೀರು ಕಾಯಿಸಿದಳು, ಮುದುಕಿಯನ್ನು ಮೀಯಿಸಿದಳು, ಕೂದಲು ಬಾಚಿ ಎರಡು ಜಡೆ ಹಾಕಿದಳು. ತಲೆಯ ಬಳಿ ಕೂತಳು. ಸುತ್ತ ನಲವತ್ತು ಹೆಂಗಸರು ಕೂತರು. ಯಾರೂ ಬಾಯಿ ತೆರೆಯಲಿಲ್ಲ. ಕಣ್ಣೀರೇನೋ ಎಲ್ಲರದೂ ಇಳಿಯುತ್ತಿತ್ತು. ಮುಲ್ಲಾ ಸಾಹೇಬರು ಇಪ್ಪತ್ತು ವರ್ಷದಿಂದ ಬಯಸಿದ ಮೌನ ಅಂದು ಸಿಕ್ಕಿತು. ಆದರೆ ಹೊರಗೆ ಕೂತ ಅವರಿಗೂ ಅದು ಹಿತವೆನಿಸಿದ ಹಾಗೆ ಕಾಣಲಿಲ್ಲ. ಎರಡು ಸಲ ತಿರುಗಿ ಒಳಬಾಗಿಲ ಕಡೆ ನೋಡಿದರು.

ಗಲ್ಲಿಯಲ್ಲಿ ಎಂದಿನಂತೆ ಜನ ಓಡಾಡಿದರು. ಕಲ್ಲಂಗಡಿ ಮಾರುವವನು ಆ ಮನೆಯ ಬಾಗಿಲಲ್ಲೇ ನಿಂತು ಇಫ್ತಾರಿಗೆ ಒಳ್ಳೇ ಹಣ್ಣು ಎಂದು ಕೂಗಿ ಹೋದ. ಗುದ್ದಲಿ ಹಿಡಿದು ಒಬ್ಬನೂ ಬರಲಿಲ್ಲ. ಎಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಆ ಊರಿನಲ್ಲಿ ಬಾಳಿದವಳು ಸತ್ತದ್ದು, ಬಾಯಿಮಾತು ತಲುಪಿದ ಕೆಲವು ಮನೆಗಳನ್ನು ಬಿಟ್ಟರೆ, ಊರಿಗೆ ತಿಳಿದೇ ಇರಲಿಲ್ಲ.

ಮುಖ್ತಿಯಾರ್ ಒಳಬಾಗಿಲ ಪರದೆಯ ಆಚೆ ಬಂದು ಕೆಮ್ಮಿದ.

"ಬಖ್ತಮೀನಾ ತಂಗೀ."

"ಹೇಳಿ ಲಾಲಾ."

"ಅಮ್ಮ ಯಾವಾಗ್ಲೂ ಹೇಳೋಳು, ನಂಗೆ ಬಖ್ತಮೀನಾನೇ ಅಳಬೇಕು ಅಂತ."

"ನನಗೂ ಹೇಳಿದ್ರು. ಏನೇನು ಸೇರಿಸಬೇಕು ಅಂತಾನೂ ಹೇಳಿಕೊಟ್ಟಿದ್ರು."

"ಮತ್ತೆ?"

"ನನ್ನ ಹತ್ರ ದನಿ ಇಲ್ಲ ಲಾಲಾ. ಮಣ್ಣು ಹಾಕಿದ್ದು ನೀವೇ."

"ಹಟ ಮಾಡೋ ಹೊತ್ತಾ ಇದು?"

"ಹಟ ಅಲ್ಲ. ನನ್ನ ಅಳು ಜನಕ್ಕೆ ಮೋಸ ಮಾಡ್ತು ಅಂತ ತೀರ್ಪು ಕೊಟ್ರಿ. ಪಾಲಿಸ್ತಿದೀನಿ. ಇವತ್ತು ನಾನು ಅತ್ತರೆ, ನಿಜವಾದ ಸಾವೋ ಸಿನಿಮಾನೋ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನೀವೇ ಮನೆಮನೆಗೆ ಹೋಗಿ ಹೇಳಿ ಬನ್ನಿ. ಹಿರಿಯರು ಹೂತದ್ದನ್ನ ಅಗೆಯೋ ಧೈರ್ಯ ಹೆಂಗಸಿಗಿಲ್ಲ."

ಪರದೆಯ ಆಚೆಯಿಂದ ಉತ್ತರ ಕೊಟ್ಟವನು ಮುಖ್ತಿಯಾರ್ ಅಲ್ಲ, ಅವನ ಹಿಂದೆ ನಿಂತಿದ್ದ ಫಜಲ್ ಮನ್ನಾನ್.

"ಲಾಲಾ, ಗೋರಿ ಹೇಗೂ ಬೇಕು. ಈ ಬಿಸಿಲಲ್ಲಿ ಉಪವಾಸ ಇರೋ ಹುಡುಗರ ಕೈಲಿ ಗಟ್ಟಿ ನೆಲ ಯಾಕೆ ತೋಡಿಸ್ತೀರಿ? ತೋಡಿದ್ದು ಒಂದಿದೆ, ಮಣ್ಣು ಇನ್ನೂ ಸಡಿಲ ಇದೆ. ಒಳಗಿರೋದನ್ನ ತೆಗೆದ್ರಾಯ್ತು."

"ನೀನು ಅವತ್ತು ತಲೆ ಆಡಿಸಿದ್ಯಲ್ಲೋ."

"ಆಡಿಸಿದ್ದೆ. ಒಂದು ತಿಂಗಳಿಂದ ಉಪ್ಪಿಲ್ಲದ ಸಾರು ತಿಂದಿದೀನಿ."

ಪರದೆಯ ಈಚೆ ಯಾರೋ ನಗು ತಡೆದುಕೊಂಡರು. ಸತ್ತವಳು ಬದುಕಿದ್ದರೆ ಮೊದಲು ನಗುತ್ತಿದ್ದವಳು ಅವಳೇ.

ಮುಖ್ತಿಯಾರ್ ಯಾರನ್ನೂ ಕಳಿಸಲಿಲ್ಲ. ಅರವತ್ತೈದರ ಮುದುಕ ಉಪವಾಸದ ಬಾಯಲ್ಲಿ ತಾನೇ ಗುದ್ದಲಿ ಹಿಡಿದ. ಫಜಲ್ ಮನ್ನಾನ್ ಜೊತೆಗೆ ಅಗೆದ. ಗಂಟೆ ಕಳೆಯುವುದರೊಳಗೆ ಮುಖ್ತಿಯಾರ್ ಮಣ್ಣು ಮೆತ್ತಿದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬಂದು ಹೊಸ್ತಿಲ ಮೇಲಿಟ್ಟ.

"ತಗೋ ತಂಗೀ. ನಿನ್ನದು ನಿನಗೆ. ಯಂತ್ರಕ್ಕಾದ್ರೂ ಕೊಡು, ಗಾಳಿಗಾದ್ರೂ ಕೊಡು, ನಾನು ಕೇಳಲ್ಲ. ನಮ್ಮಮ್ಮನ್ನ ಮಾತ್ರ ಹೀಗೆ ಕಳಿಸಬೇಡ."

ಬಖ್ತಮೀನಾ ಡಬ್ಬಿಯನ್ನು ಸೊಸೆಯ ಮಡಿಲಿಗೆ ದಾಟಿಸಿದಳು. ತಲೆಯ ಸೆರಗು ಸರಿಮಾಡಿಕೊಂಡು ದುರ್ಖಾನಯ್‌ಳ ಹಣೆ ಮುಟ್ಟಿ ಮೊದಲ ಸಾಲು ಎತ್ತಿದಳು. ಮುದುಕಿ ಹದಿನಾಲ್ಕರಲ್ಲಿ ಹೊಳೆ ದಾಟಿ ಮದುವಣಗಿತ್ತಿಯಾಗಿ ಬಂದದ್ದು, ಒಂದು ಚಪ್ಪಲಿ ನೀರಲ್ಲಿ ಹೋದದ್ದು, ಒಂಟಿ ಚಪ್ಪಲಿಯಲ್ಲೇ ಅತ್ತೆಯ ಮನೆಯ ಹೊಸ್ತಿಲು ಮೆಟ್ಟಿದ್ದು. ಎರಡನೇ ಸಾಲಿಗೆ ನಲವತ್ತು ದನಿ ಸೇರಿದವು. ಗಲ್ಲಿಯ ಕೊನೆಯಲ್ಲಿದ್ದ ಕಲ್ಲಂಗಡಿಯವನು ಗಾಡಿ ಬಿಟ್ಟು ಓಡಿ ಬಂದ. ಸಂಜೆ ಹೆಣದ ಮುಂದಿನ ಜನಾಜಾ ನಮಾಜಿಗೆ ಮೂರು ಹಳ್ಳಿಯ ಗಂಡಸರು ನಿಂತರು.

ಅಂದು ಇಫ್ತಾರ್ ಮುಗಿದು ಹಸಿರು ಚಹಾ ಸುರಿಯುವಾಗ ಫಜಲ್ ಮನ್ನಾನ್ ಹಿರಿಮಗನಿಗೆ ಹೇಳಿದ.

"ನಾಳೆ ಲಾಹೋರಿನ ರೈಲು ಹಿಡಿ."

"ನಾನಾ? ಹಬ್ಬದ ವ್ಯಾಪಾರ ಇರೋದೇ ಈಗ. ಅಂಚೇಲಿ ಹಾಕೋಣ."

"ಗೋರಿಯಿಂದ ಎದ್ದು ಬಂದಿದ್ದನ್ನ ಅಂಚೇಲಿ ಹಾಕ್ತೀಯಾ? ಅಂಗಡೀಲಿ ನಾನು ಕೂರ್ತೀನಿ."

"ನಿಮಗೆ ಗಜ ಅಳೆಯೋಕೆ ಬರತ್ತಾ ಬಾಬಾ?"

"ಕಬ್ಬು ಅಳೆದೋನಿಗೆ ಬಟ್ಟೆ ಯಾವ ಲೆಕ್ಕ," ಎಂದ ಫಜಲ್ ಮನ್ನಾನ್. ಆ ವಾರ ಅವನು ಪ್ರತಿಯೊಬ್ಬರಿಗೂ ಒಂದು ಗೇಣು ಹೆಚ್ಚು ಬಟ್ಟೆ ಕೊಟ್ಟನೆಂದು ತಾಜ್‌ಮೀರ್ ಇಂದಿಗೂ ಹೇಳುತ್ತಾನೆ.

ಲಾಹೋರಿನಿಂದ ತಾಜ್‌ಮೀರ್ ಮರಳಿದಾಗ ಮನೆಯವರೆಲ್ಲ ಸುತ್ತ ಕೂತರು.

"ರೈಲಲ್ಲಿ ಪಕ್ಕದವನು ಇಫ್ತಾರ್ ಹೊತ್ತಿಗೆ ಡಬ್ಬೀನೇ ನೋಡ್ತಿದ್ದ. ಒಂದು ಬಿಸ್ಕತ್ತೂ ಕೊಡದ ಜಿಪುಣ ಅಂತ ಬೈದ. ಅದರಲ್ಲಿ ನಮ್ಮಮ್ಮನ ಅಳು ಇದೆ ಅಂದೆ. ಎದ್ದು ಬೇರೆ ಬೋಗಿಗೆ ಹೋದ."

"ಟೇಪ್ ಹೇಗಿತ್ತು, ಅದು ಹೇಳು," ಎಂದಳು ಗುಲ್‌ಪಾನಾ.

"ಮೊದಲ ನಾಲ್ಕು ಸುತ್ತು ಮಾತ್ರ ಸ್ವಲ್ಪ ಕರಕರ ಅಂತು. ಅದು ಹೇಗೂ ಅಬಯ್ ಗಂಟಲು ಸರಿ ಮಾಡ್ಕೊಂಡಿದ್ದಂತೆ. ಉಳಿದಿದ್ದು ಹೊಸದರ ಹಾಗಿದೆ. ಈ ಮೇಣ ಹಾಕಿದ್ದು ಯಾರು ಅಂತ ಅಲ್ಲಿನ ದೊಡ್ಡ ಇಂಜಿನಿಯರ್ ಕೇಳಿದ್ರು."

"ಏನಂದೆ?"

"ನನ್ನ ಹೆಂಡತಿ ಅಂದೆ."

ಗುಲ್‌ಪಾನಾ ಚಹಾದ ಲೋಟವನ್ನು ಇನ್ನೊಮ್ಮೆ ತುಂಬಿದಳು.

"ಇನ್ನೊಂದು ವಿಷಯ ಬಾಬಾ. ಸಿನಿಮಾ ಶುರುವಿನಲ್ಲಿ ಹೆಸರು ಹಾಕ್ತಾರಂತೆ. ಅಬಯ್ ಹೆಸರು ಹಾಕೋದಾ, ಇಲ್ಲ ಸನೋಬರನ ತಾಯಿ ಅಂತ ಹಾಕೋದಾ ಅಂತ ಅವನು ಕೇಳ್ತಿದಾನೆ. ತಂತಿ ಕೊಡಬೇಕು."

ಹೆಂಗಸಿನ ಹೆಸರನ್ನು ಬಜಾರಿನಲ್ಲಿ ಎತ್ತದ ಊರು ಅದು. ನಲವತ್ತು ವರ್ಷದಲ್ಲಿ ಫಜಲ್ ಮನ್ನಾನ್ ಹೆಂಡತಿಯನ್ನು ಹೊರಗಿನವರ ಎದುರು ಹೆಸರು ಹಿಡಿದು ಕರೆದವನಲ್ಲ. ಅವನು ಚಹಾ ಮುಗಿಸಿದ, ಲೋಟ ಬೋರಲು ಹಾಕಿದ.

"ಸನೋಬರನ ತಾಯಿ ಅಂದ್ರೆ ಯಾರಿಗೆ ಗೊತ್ತಾಗತ್ತೆ? ಅತ್ತಿದ್ದು ಬಖ್ತಮೀನಾ. ಬಖ್ತಮೀನಾ ಅಂತ ಹಾಕ್ಲಿ."

ಈದ್‌ನ ಎರಡನೇ ದಿನ ಹಳ್ಳಿಯಿಂದ ಹೊರಟ ಬಸ್ಸಿನಲ್ಲಿ ಬುರ್ಖಾ ಹಾಕಿದ ಹೆಂಗಸರಿಗೇ ಜಾಗ ಸಾಲದಾಯಿತು. ಗಂಡಸರು ಬಸ್ಸಿನ ನೆತ್ತಿ ಹತ್ತಿದರು. ಸೂತಕದ ಮನೆಯವನಾದ ಮುಖ್ತಿಯಾರ್ ಬಸ್ಸಿನವರೆಗೆ ಬಂದು ಕಿಟಕಿಯ ಬಳಿ ನಿಂತ.

"ಅಮ್ಮನ ನಲವತ್ತು ದಿನ ಕಳೀಲಿ, ನಾನೂ ನೋಡ್ತೀನಿ. ಅಲ್ಲೀವರೆಗೆ ಓಡತ್ತೇನೋ ತಾಜ್‌ಮೀರ್?"

"ಓಡದಿದ್ರೆ ಓಡಿಸ್ತೀವಿ ಕಾಕಾ."

ಪೇಶಾವರದ ಥಿಯೇಟರಿನ ಮೇಲಿನ ಹೆಂಗಸರ ಗ್ಯಾಲರಿಯಲ್ಲಿ ಬಖ್ತಮೀನಾ ಮೊದಲ ಸಾಲಿನಲ್ಲಿ ಕೂತಳು. ಅವಳು ಸಿನಿಮಾ ನೋಡುತ್ತಿದ್ದುದು ಅದೇ ಮೊದಲು. ಕೆಳಗೆ ಗಂಡಸರು ಕುರ್ಚಿ ಸಾಲದೆ ಗೋಡೆಗೊರಗಿ ನಿಂತಿದ್ದರು. ನಾಯಕ ಕುದುರೆ ಏರಿದರೆ ಸಿಳ್ಳೆ, ಕುಣಿತ ಬಂದರೆ ತೆರೆಯ ಮೇಲೆ ನಾಣ್ಯದ ಮಳೆ.

"ಇಷ್ಟು ಗಲಾಟೇಲಿ ಯಾರಿಗೆ ಕೇಳತ್ತೆ?" ಎಂದಳು ಬಖ್ತಮೀನಾ.

"ಕಾಯಿರಿ ಅಬಯ್," ಎಂದಳು ಗುಲ್‌ಪಾನಾ.

ಮಗನ ಹೆಣವನ್ನು ಮಂಚದ ಮೇಲೆ ಹೊತ್ತು ತಂದರು. ತಾಯಿ ಬಾಗಿಲಿಗೆ ಬಂದಳು. ಬಾಯಿ ತೆರೆದಳು. ಬಂದದ್ದು ಬಖ್ತಮೀನಾಳ ದನಿ.

ಕೆಳಗೆ ಒಂದು ಸಿಳ್ಳೆ ಅರ್ಧದಲ್ಲೇ ನಿಂತಿತು. ಆಮೇಲೆ ಏನೂ ಇಲ್ಲ. ಕಡಲೆಕಾಯಿ ಸಿಪ್ಪೆಯ ಸದ್ದೂ ಇಲ್ಲ. ಅವಳು ತೂರಿಯಾಲಯ್‌ನನ್ನು ಕರೆದಳು, ಹಾಕದೆ ಉಳಿದ ಮದುವೆ ಅಂಗಿಯನ್ನು ಹೇಳಿದಳು, ಆ ಅಂಗಿಗೆ ಗುಂಡಿ ಹೊಲಿಯುತ್ತಾ ಪಕ್ಕದ ಹಳ್ಳಿಯಲ್ಲಿ ಕೂತಿರುವ ಹುಡುಗಿಗೆ ಸುದ್ದಿ ಯಾರು ಹೇಳುತ್ತೀರೆಂದು ಕೇಳಿದಳು.

ಮೂರನೇ ಸಾಲಿನಿಂದ ಒಬ್ಬ ಮುದುಕ ಎದ್ದು ನಿಂತ. ಸಾವಿನ ಮನೆಯಲ್ಲಿ ಪ್ರಾರ್ಥಿಸುವ ಹಾಗೆ ಎರಡೂ ಅಂಗೈ ಮೇಲೆತ್ತಿದ. ಅವನ ಪಕ್ಕದವನು ಎತ್ತಿದ, ಹಿಂದಿನವರು ಎತ್ತಿದರು. ಒಂದು ಸಾಲಿನಿಂದ ಇನ್ನೊಂದಕ್ಕೆ ಹರಡಿ, ಗೋಡೆಗೊರಗಿ ನಿಂತವರವರೆಗೆ ಇಡೀ ಥಿಯೇಟರು ಕೈ ಎತ್ತಿ ನಿಂತಿತು.

ಹಿಂದಿನ ಸಾಲಿನಲ್ಲಿ ಫಜಲ್ ಮನ್ನಾನನ ಅಂಗೈಗಳೂ ಮೇಲಿದ್ದವು. ಪಕ್ಕದಲ್ಲಿ ಸನೋಬರ್ ಪಿಸುಗುಟ್ಟಿದ.

"ಬಾಬಾ, ಇದು ಸಿನಿಮಾ. ಯಾರೂ ಸತ್ತಿಲ್ಲ."

"ನಂಗೊತ್ತು. ನೀನು ಕೈ ಎತ್ತು," ಎಂದ ಫಜಲ್ ಮನ್ನಾನ್.

ಮೇಲೆ ಗ್ಯಾಲರಿಯಲ್ಲಿ ಶಾಹ್ ಬೀಬಿ ಬುರ್ಖಾದೊಳಗೇ ಬಿಕ್ಕುತ್ತಿದ್ದಳು. ಬಖ್ತಮೀನಾ ಮಾತ್ರ ಅಳಲಿಲ್ಲ. ಕಟಕಟೆಯ ಮೇಲೆ ಕೈಯೂರಿ ಮುಂದೆ ಬಾಗಿ, ತನ್ನ ದನಿಯನ್ನು ಮೊದಲ ಬಾರಿಗೆ ಹೊರಗಿನಿಂದ ಕೇಳುತ್ತಿದ್ದಳು. ಕೆಳಗೆ ಕೈಯೆತ್ತಿ ನಿಂತವರನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದಳು.

"ಒಬ್ಬನೂ ನಗಲಿಲ್ಲ ಅಲ್ವೇನೇ?" ಎಂದಳು ಸೊಸೆಗೆ.

"ಒಬ್ಬನೂ ಇಲ್ಲ ಅಬಯ್."

ಚಿತ್ರದ ಉದ್ದ ಎರಡು ಗಂಟೆ ಮೂವತ್ತೊಂದು ನಿಮಿಷ. ಅದರಲ್ಲಿ ಬಖ್ತಮೀನಾಳ ದನಿ ಇರುವುದು ಒಂದು ನಿಮಿಷ ನಲವತ್ತೆಂಟು ಸೆಕೆಂಡು.